ಪಠಾಣಿ ಸಾಮಂತ

ಚಂದ್ರನ ಗತಿಯು ನೋಡುವ ಕಣ್ಣಿಗೆ ಸರಳವಾಗಿ ತೋರುತ್ತದೆ. ಲೆಕ್ಕ ಹಾಕುವವನಿಗೆ ಮಾತ್ರ ಅದು ಸುಲಭವಾಗಿ ದಕ್ಕುವುದಿಲ್ಲ. ಚಂದ್ರನು ಭೂಮಿಯನ್ನು ಸುತ್ತುತ್ತಾನೆ. ಭೂಮಿ ಚಂದ್ರನೊಡನೆ ಸೂರ್ಯನನ್ನು ಸುತ್ತುತ್ತದೆ. ಭೂಮಿಯ ಸೆಳೆತಕ್ಕೆ ಒಳಪಟ್ಟ ಚಂದ್ರನನ್ನು ಸೂರ್ಯನೂ ಸೆಳೆಯುತ್ತಾನೆ. ಈ ಎರಡು ಸೆಳೆತಗಳ ನಡುವೆ ಚಂದ್ರನು ಕೆಲವೊಮ್ಮೆ ಮುನ್ನುಗ್ಗುತ್ತಾನೆ, ಕೆಲವೊಮ್ಮೆ ಹಿಂದುಳಿಯುತ್ತಾನೆ. ದೂರದರ್ಶಕದ ನೆರವಿಲ್ಲದೆ, ಬಿದಿರು ಮತ್ತು ಮರದ ಕಡ್ಡಿಗಳಿಂದ ಈ ಏರುಪೇರುಗಳನ್ನು ಅಳೆದ ಮಹನೀಯರೊಬ್ಬರು ಹತ್ತೊಂಬತ್ತನೆಯ ಶತಮಾನದಲ್ಲಿ ಒಡಿಶಾದಲ್ಲಿ ಬಾಳಿದರು. ಅವರೇ ಸಾಮಂತ ಚಂದ್ರಶೇಖರ.

ಬೆಟ್ಟ ಕಾಡುಗಳ ನಡುವಣ ಖಂಡಪಡಾ ಎಂಬ ಚಿಕ್ಕ ಸಂಸ್ಥಾನದ ರಾಜಮನೆತನಕ್ಕೆ ಸೇರಿದ ಕುಟುಂಬದಲ್ಲಿ ಚಂದ್ರಶೇಖರರು ೧೮೩೫ರಲ್ಲಿ ಜನಿಸಿದರು. ತಂದೆ ಶ್ಯಾಮಬಂಧು, ತಾಯಿ ವಿಷ್ಣುಮಾಲಿ. ಹಿಂದೆ ಹುಟ್ಟಿದ ಮಕ್ಕಳು ಉಳಿಯಲಿಲ್ಲವಾದುದರಿಂದ ಈ ಮಗುವನ್ನು ಮುಸ್ಲಿಂ ಫಕೀರರೊಬ್ಬರ ರಕ್ಷಣೆಗೆ ಒಪ್ಪಿಸಿದಂತೆ ಭಾವಿಸಿ ಪಠಾಣಿ ಎಂದು ಕರೆದರೆಂದು ಪ್ರತೀತಿ. ಮುಂದೆ ನಾಡಿಗೆಲ್ಲ ಅವರು ಪಠಾಣಿ ಸಾಮಂತರೆಂದೇ ಪರಿಚಿತರಾದರು. ಮನೆತನಕ್ಕೆ ಗೌರವವಿದ್ದರೂ ಸಂಪತ್ತಿರಲಿಲ್ಲ. ಬಾಲಕನ ದೇಹವೂ ದುರ್ಬಲವಾಗಿತ್ತು. ಆದರೆ ಅವನ ಬುದ್ಧಿ ತೀಕ್ಷ್ಣವಾಗಿತ್ತು. ಸಂಸ್ಕೃತವನ್ನು ಕಲಿತು, ಹಿರಿಯರಿಂದ ನಕ್ಷತ್ರಗಳ ಪರಿಚಯ ಮಾಡಿಕೊಂಡು, ಮನೆಯಲ್ಲಿದ್ದ ತಾಳೆಗರಿಯ ಜ್ಯೋತಿಷ ಗ್ರಂಥಗಳನ್ನು ಅವನು ತಾನಾಗಿಯೇ ಅಭ್ಯಾಸ ಮಾಡಿದನು.

ಹದಿಹರೆಯದಲ್ಲಿಯೇ ಚಂದ್ರಶೇಖರರು ಸೂರ್ಯಸಿದ್ಧಾಂತ, ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳ ಪ್ರಕಾರ ಗ್ರಹಗಳ ಸ್ಥಾನಗಳನ್ನು ಗಣಿಸತೊಡಗಿದರು. ಗಣಿಸಿ ಸುಮ್ಮನಾಗದೆ ರಾತ್ರಿ ಹೊರಗೆ ಬಂದು ಆಕಾಶವನ್ನು ನೋಡಿದರು. ಅಲ್ಲಿ ಅವರಿಗೆ ಅಚ್ಚರಿ ಕಾದಿತ್ತು. ಗ್ರಂಥವು ಹೇಳಿದ ಸ್ಥಳದಲ್ಲಿ ಗ್ರಹವಿರಲಿಲ್ಲ; ಹೇಳಿದ ವೇಳೆಗೆ ನಕ್ಷತ್ರವು ಉದಯಿಸಲಿಲ್ಲ. ತಮ್ಮ ಗಣಿತದಲ್ಲಿ ತಪ್ಪಿರಬಹುದೆಂದು ಮತ್ತೆ ಮತ್ತೆ ಪರೀಕ್ಷಿಸಿದರು. ತಪ್ಪು ಗಣಿತದಲ್ಲಿರಲಿಲ್ಲ. ಪೂರ್ವಾಚಾರ್ಯರ ಕಾಲದಲ್ಲಿ ಅತ್ಯಲ್ಪವಾಗಿದ್ದ ವ್ಯತ್ಯಾಸಗಳು ಶತಮಾನಗಳು ಉರುಳಿದಂತೆ ಕೂಡಿ ಬೆಳೆದಿದ್ದವು. ಪೂಜ್ಯವಾದ ಗ್ರಂಥವೊಂದು ಕಡೆ, ಎದುರಿಗೆ ಕಾಣುವ ಆಕಾಶವೊಂದು ಕಡೆ. ಹಬ್ಬ, ವ್ರತ, ಗ್ರಹಣಗಳ ಕಾಲವೆಲ್ಲವೂ ಈ ಗ್ರಂಥಗಳನ್ನೇ ಅವಲಂಬಿಸಿದ್ದುದರಿಂದ ಅವುಗಳಲ್ಲಿ ದೋಷವಿದೆಯೆಂದು ಹೇಳುವುದು ಸಣ್ಣ ಮಾತಾಗಿರಲಿಲ್ಲ. ಚಂದ್ರಶೇಖರರು ಪೂರ್ವಾಚಾರ್ಯರನ್ನು ಹಳಿಯಲಿಲ್ಲ; ಅವರು ಆರಂಭಿಸಿದ ಕಾರ್ಯವನ್ನು ತಿದ್ದಿ ಮುಂದುವರಿಸಲು ನಿಶ್ಚಯಿಸಿದರು. ಇಪ್ಪತ್ತಮೂರನೆಯ ವಯಸ್ಸಿನಿಂದ ತಮ್ಮ ವೀಕ್ಷಣೆಗಳನ್ನು ಕ್ರಮವಾಗಿ ಬರೆದಿಡತೊಡಗಿದರು.

ಅಳೆಯಲು ಉಪಕರಣಗಳು ಬೇಕಾಗಿದ್ದವು. ಅವುಗಳನ್ನು ಚಂದ್ರಶೇಖರರು ತಮ್ಮ ಕೈಯಿಂದಲೇ ಮಾಡಿಕೊಂಡರು. ಅವುಗಳಲ್ಲಿ ಮುಖ್ಯವಾದುದು ಮಾನಯಂತ್ರ. ಇಪ್ಪತ್ತನಾಲ್ಕು ಅಂಗುಲ ಉದ್ದದ ಒಂದು ಕಡ್ಡಿ, ಅದರ ತುದಿಗೆ ಅಡ್ಡಲಾಗಿ ಜೋಡಿಸಿದ ಮತ್ತೊಂದು ಪಟ್ಟಿ; ಇಷ್ಟೇ ಅದರ ರಚನೆ. ಅಡ್ಡಪಟ್ಟಿಯಲ್ಲಿ ತ್ರಿಕೋನಮಿತಿಯ ಲೆಕ್ಕದಂತೆ ಗುರುತುಗಳನ್ನೂ ರಂಧ್ರಗಳನ್ನೂ ಮಾಡಲಾಗಿತ್ತು. ಉದ್ದ ಕಡ್ಡಿಯ ತುದಿಯನ್ನು ಕಣ್ಣಿನ ಬಳಿ ಹಿಡಿದು ಅಡ್ಡಪಟ್ಟಿಯ ಮೂಲಕ ನೋಡಿದರೆ ಎರಡು ಆಕಾಶಕಾಯಗಳ ನಡುವಣ ಕೋನವು ತಿಳಿಯುತ್ತಿತ್ತು. ನೆರಳಿನಿಂದ ಸೂರ್ಯನ ಸ್ಥಾನವನ್ನು ಅರಿಯಲು ಶಂಕುವನ್ನೂ ಆಕಾಶದ ವೃತ್ತಗಳನ್ನು ತೋರಿಸುವ ಗೋಲಯಂತ್ರವನ್ನೂ ಅವರು ಬಳಸುತ್ತಿದ್ದರು. ಉಪಕರಣಗಳು ಸರಳವಾಗಿದ್ದವು, ತಾಳ್ಮೆ ಅಸಾಧಾರಣವಾಗಿತ್ತು.

ಈ ತಾಳ್ಮೆಯ ಫಲವು ಚಂದ್ರನ ಗತಿಯ ವಿಷಯದಲ್ಲಿ ವಿಶೇಷವಾಗಿ ಕಾಣುತ್ತದೆ. ಚಂದ್ರಶೇಖರರು ತುಂಗಾಂತರ, ಪಾಕ್ಷಿಕ, ದಿಗಂಶ ಎಂಬ ಮೂರು ತಿದ್ದುಪಡಿಗಳನ್ನು ನಿರೂಪಿಸಿದರು. ಸೂರ್ಯನ ಸೆಳೆತಕ್ಕೆ ಸಿಕ್ಕಿ ಚಂದ್ರನ ಕಕ್ಷೆಯ ಆಕಾರವು ಸ್ವಲ್ಪ ಬದಲಾಗುತ್ತಿರುತ್ತದೆ. ಅದರಿಂದ ಉಂಟಾಗುವ ವ್ಯತ್ಯಾಸವೇ ತುಂಗಾಂತರ. ಇದನ್ನು ಹತ್ತನೆಯ ಶತಮಾನದ ಮಂಜುಲಾಚಾರ್ಯರೂ ಸೂಚಿಸಿದ್ದರು. ಎರಡನೆಯದಾದ ಪಾಕ್ಷಿಕವು ಪ್ರತಿ ಪಕ್ಷದಲ್ಲಿಯೂ ಮರುಕಳಿಸುವಂಥದು. ಚಂದ್ರನು ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ತುಸು ವೇಗವಾಗಿಯೂ ಅಷ್ಟಮಿಯ ಸುಮಾರಿಗೆ ತುಸು ನಿಧಾನವಾಗಿಯೂ ಚಲಿಸುತ್ತಾನೆ. ಆದುದರಿಂದ ಅಮಾವಾಸ್ಯೆ ಮತ್ತು ಅಷ್ಟಮಿಗಳ ನಡುವೆ ಅವನು ಲೆಕ್ಕಕ್ಕಿಂತ ಮುಂದಿರುತ್ತಾನೆ. ಅಷ್ಟಮಿ ಮತ್ತು ಹುಣ್ಣಿಮೆಗಳ ನಡುವೆ ಹಿಂದಿರುತ್ತಾನೆ. ಮೂರನೆಯದಾದ ದಿಗಂಶವು ವರ್ಷಕ್ಕೊಮ್ಮೆ ಪೂರ್ಣಗೊಳ್ಳುತ್ತದೆ. ಜನವರಿಯಲ್ಲಿ ಭೂಮಿಯು ಸೂರ್ಯನಿಗೆ ಸಮೀಪವಾಗಿರುವುದರಿಂದ ಸೂರ್ಯನ ಪ್ರಭಾವ ಹೆಚ್ಚಿ ಚಂದ್ರನ ಗತಿ ಅಲ್ಪ ಪ್ರಮಾಣದಲ್ಲಿ ಕುಂದುತ್ತದೆ. ಜುಲೈಯಲ್ಲಿ ಮತ್ತೆ ಹೆಚ್ಚುತ್ತದೆ.

ಒಂದು ಅಂಶದ ಅರವತ್ತನೆಯ ಒಂದು ಭಾಗಕ್ಕೆ ಕಲೆ ಎಂದು ಹೆಸರು. ಚಂದ್ರಬಿಂಬದ ಅಗಲ ಸುಮಾರು ೩೧ ಕಲೆ. ಪಾಕ್ಷಿಕವು ಗರಿಷ್ಠವಾಗಿ ಸುಮಾರು ೩೮ ಕಲೆ, ದಿಗಂಶವು ೧೨ ಕಲೆ ಎಂದು ಚಂದ್ರಶೇಖರರು ಗಣಿಸಿದರು. ಇಂದಿನ ಬೆಲೆಗಳು ಸುಮಾರು ೩೯ ಮತ್ತು ೧೧ ಕಲೆಗಳು. ಪಾಕ್ಷಿಕವು ಬಹುಕಾಲ ಗಮನಕ್ಕೆ ಬಾರದೆ ಉಳಿದುದಕ್ಕೆ ಕಾರಣವಿದೆ. ಗ್ರಹಣಗಳು ಅಮಾವಾಸ್ಯೆ ಹುಣ್ಣಿಮೆಗಳಂದು ಮಾತ್ರ ಸಂಭವಿಸುತ್ತವೆ. ಆ ದಿನಗಳಲ್ಲಿ ಈ ವ್ಯತ್ಯಾಸವು ಸೊನ್ನೆಯಾಗಿರುತ್ತದೆ. ಗ್ರಹಣವು ಸರಿಹೊಂದಿತೆಂದು ತೃಪ್ತಿಪಟ್ಟವರಿಗೆ ಅದು ಕಾಣುವಂತಿರಲಿಲ್ಲ. ಉಳಿದ ತಿಥಿಗಳಲ್ಲಿಯೂ ಎಚ್ಚರವಾಗಿದ್ದ ಕಣ್ಣಿಗೆ ಅದು ಕಂಡಿತು. ಯೂರೋಪಿನಲ್ಲಿ ಹದಿನಾರನೆಯ ಶತಮಾನದ ಟೈಕೋ ಬ್ರಾಹೆ ಇದನ್ನು ಕಂಡುಹಿಡಿದಿದ್ದನು. ನ್ಯೂಟನ್ನನು ಸೂರ್ಯನ ಗುರುತ್ವಾಕರ್ಷಣೆಯೇ ಅದಕ್ಕೆ ಕಾರಣವೆಂದು ತೋರಿಸಿದ್ದನು. ಆ ಗ್ರಂಥಗಳೊಂದೂ ಖಂಡಪಡಾವನ್ನು ತಲಪಿರಲಿಲ್ಲ.

ಚಂದ್ರಶೇಖರರು ತಮ್ಮ ವೀಕ್ಷಣೆಗಳನ್ನು ಸಿದ್ಧಾಂತದರ್ಪಣ ಎಂಬ ಸಂಸ್ಕೃತ ಗ್ರಂಥದಲ್ಲಿ ಅಡಕಗೊಳಿಸಿದರು. ಸುಮಾರು ೨,೫೦೦ ಶ್ಲೋಕಗಳ ಈ ಕೃತಿಯನ್ನು ತಾಳೆಗರಿಗಳ ಮೇಲೆ ಬರೆದು ೧೮೬೯ರಲ್ಲಿ ಪೂರ್ಣಗೊಳಿಸಿದಾಗ ಅವರ ವಯಸ್ಸು ಮೂವತ್ತನಾಲ್ಕು. ಗ್ರಹಗಳು ಸೂರ್ಯನನ್ನು ಸುತ್ತುತ್ತವೆ, ಸೂರ್ಯನು ಅವುಗಳೊಡನೆ ನಿಶ್ಚಲವಾದ ಭೂಮಿಯನ್ನು ಸುತ್ತುತ್ತಾನೆ ಎಂದು ಅವರು ಪ್ರತಿಪಾದಿಸಿದರು. ಭೂಮಿಯ ಚಲನೆಯನ್ನು ಅವರು ಒಪ್ಪಲಿಲ್ಲ. ಈ ವಿಷಯದಲ್ಲಿ ಅವರ ಅಭಿಪ್ರಾಯವು ಸರಿಯಲ್ಲ. ಆದರೆ ಭೂಮಿಯು ಸೂರ್ಯನನ್ನು ಸುತ್ತಿದರೂ ಸೂರ್ಯನೇ ಭೂಮಿಯನ್ನು ಸುತ್ತಿದರೂ ಭೂಮಿಯಿಂದ ನೋಡುವವನಿಗೆ ಸೂರ್ಯನ ದಿಕ್ಕು ಒಂದೇ ಆಗಿರುತ್ತದೆ. ಹೀಗಾಗಿ ಅಭಿಪ್ರಾಯವು ತಪ್ಪಿದರೂ ಅಳತೆಗಳು ಕೆಡಲಿಲ್ಲ.

ಗ್ರಂಥವು ಮುಗಿದ ಮೇಲೂ ಅಚ್ಚಾಗಲು ಮೂವತ್ತು ವರ್ಷಗಳು ಬೇಕಾದವು. ಕಟಕದ ಕಾಲೇಜಿನಲ್ಲಿ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಜೋಗೇಶ್ ಚಂದ್ರ ರಾಯ್ ಅವರು ಈ ಗ್ರಾಮೀಣ ವಿದ್ವಾಂಸರ ಮಹತ್ತ್ವವನ್ನು ಗುರುತಿಸಿದರು. ಅವರು ಬರೆದ ಇಂಗ್ಲಿಷ್ ಪೀಠಿಕೆಯೊಡನೆ ಸಿದ್ಧಾಂತದರ್ಪಣವು ೧೮೯೯ರಲ್ಲಿ ಕಲ್ಕತ್ತೆಯಲ್ಲಿ ದೇವನಾಗರಿ ಲಿಪಿಯಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ನೇಚರ್ ಪತ್ರಿಕೆಯು ಅದನ್ನು ವಿಮರ್ಶಿಸಿ ಚಂದ್ರಶೇಖರರನ್ನು ಟೈಕೋ ಬ್ರಾಹೆಗೆ ಹೋಲಿಸಿತು. ಇದಕ್ಕೂ ಮೊದಲು, ೧೮೯೩ರಲ್ಲಿ, ಸರ್ಕಾರವು ಅವರಿಗೆ ಮಹಾಮಹೋಪಾಧ್ಯಾಯ ಎಂಬ ಬಿರುದನ್ನು ನೀಡಿತ್ತು. ಪುರಿಯ ಜಗನ್ನಾಥ ದೇವಾಲಯವು ಉತ್ಸವಾದಿಗಳಿಗೆ ಅವರ ಗಣನೆಯನ್ನು ಅಂಗೀಕರಿಸಿತು. ಒಮ್ಮೆ ಆಕಾಶದೊಡನೆ ಹೊಂದದಿದ್ದ ಪಂಚಾಂಗವು ಮತ್ತೆ ಆಕಾಶದೊಡನೆ ಹೊಂದಿತು.

ಕೀರ್ತಿಯು ಬಂದಾಗ ಚಂದ್ರಶೇಖರರ ದೇಹವು ಸವೆದಿತ್ತು. ಅನಾರೋಗ್ಯವೂ ಬಡತನವೂ ಅವರನ್ನು ಕೊನೆಯವರೆಗೆ ಬಿಡಲಿಲ್ಲ. ೧೯೦೪ರ ಜೂನ್ ತಿಂಗಳಿನಲ್ಲಿ ಪುರಿಯಲ್ಲಿ ಅವರು ನಿಧನರಾದರು. ಭುವನೇಶ್ವರದ ತಾರಾಲಯವು ಇಂದು ಅವರ ಹೆಸರನ್ನು ಹೊತ್ತಿದೆ. ಗ್ರಂಥವನ್ನು ಗೌರವಿಸುತ್ತಲೇ ಅದನ್ನು ಆಕಾಶದ ಎದುರು ಹಿಡಿದು ಪರೀಕ್ಷಿಸಬೇಕೆಂಬುದನ್ನು, ಎರಡು ಕಡ್ಡಿಗಳನ್ನು ಕೈಯಲ್ಲಿ ಹಿಡಿದು ನಿದ್ದೆಗೆಟ್ಟ ಆ ಜೀವನವು ತೋರಿಸಿಕೊಟ್ಟಿತು.