ರಸಾಯನಜ್ಞ ಹ್ಯೂಗೊ ಶಿಫ್

ಪ್ರಯೋಗಶಾಲೆಯಲ್ಲಿ ಶಿಫ್ ಪರೀಕ್ಷೆಯನ್ನು ಮಾಡಿದ ವಿದ್ಯಾರ್ಥಿಗಳು ಅನೇಕರು. ಆ ಹೆಸರಿನ ಹಿಂದಿರುವ ಬಾಳನ್ನು ಅರಿತವರು ವಿರಳ. ತಾಯ್ನಾಡನ್ನು ತೊರೆಯಬೇಕಾಗಿ ಬಂದರೂ ವಿದ್ಯೆಯನ್ನು ತೊರೆಯದ ಆ ಮಹನೀಯರ ಚರಿತೆ ಮನನೀಯವಾದುದು.

ಹ್ಯೂಗೊ ಶಿಫ್ 1834ನೆಯ ಏಪ್ರಿಲ್ 26ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ, ಯೂರಿಯಾವನ್ನು ಕೃತಕವಾಗಿ ತಯಾರಿಸಿ ಲೋಕವಿಖ್ಯಾತರಾಗಿದ್ದ ವೋಲರ್ ಅವರ ಶಿಷ್ಯರಾಗಿ 1857ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಆದರೆ ಅವರ ಉದಾರವಾದಿ ರಾಜಕೀಯ ವಿಚಾರಗಳಿಗೆ ಅಂದಿನ ಜರ್ಮನಿಯಲ್ಲಿ ಎಡೆಯಿರಲಿಲ್ಲ. ಸ್ವದೇಶವನ್ನು ಬಿಟ್ಟು ಮೊದಲು ಸ್ವಿಟ್ಜರ್ಲೆಂಡಿನ ಬರ್ನ್ ನಗರವನ್ನೂ ಬಳಿಕ ಇಟಲಿಯನ್ನೂ ಸೇರಿದರು. ಅವರ ಅಣ್ಣ, ಶರೀರಶಾಸ್ತ್ರಜ್ಞ ಮೋರಿಟ್ಸ್ ಶಿಫ್, ಫ್ಲಾರೆನ್ಸಿನಲ್ಲಿ ಅಧ್ಯಾಪಕರಾಗಿದ್ದರು. ಆ ಪರನಾಡೇ ತಮ್ಮನಿಗೂ ಕರ್ಮಭೂಮಿಯಾಯಿತು.

ಆಲ್ಡಿಹೈಡುಗಳು ಅಮೀನುಗಳೊಡನೆ ಕೂಡಿ ನೀಡುವ ಸಂಯುಕ್ತಗಳನ್ನು 1864ರಲ್ಲಿ ಅವರು ವಿವರಿಸಿದರು. ಇವೇ ‘ಶಿಫ್ ಪ್ರತ್ಯಾಮ್ಲ’ಗಳು. 1866ರಲ್ಲಿ ಅವರು ಆಲ್ಡಿಹೈಡಿನ ವರ್ಣಪರೀಕ್ಷೆಯನ್ನು ಪ್ರಕಟಿಸಿದರು. ಫುಕ್ಸಿನ್ ಎಂಬ ಕಡುಗೆಂಪು ಬಣ್ಣದ ದ್ರಾವಣಕ್ಕೆ ಗಂಧಕದ ಡೈಆಕ್ಸೈಡನ್ನು ಹಾಯಿಸಿದರೆ ಬಣ್ಣ ಅಳಿಯುತ್ತದೆ. ಆ ನಿರ್ವರ್ಣ ದ್ರಾವಣಕ್ಕೆ ಆಲ್ಡಿಹೈಡ್ ಬೆರೆತೊಡನೆ ನೇರಳೆಗೆಂಪು ಮೂಡುತ್ತದೆ. ಸಾಮಾನ್ಯವಾಗಿ ಕೀಟೋನುಗಳಿಂದ ಹೀಗಾಗದು. ಮೂಡಿದ್ದು ಅಳಿದ ಹಳೆಯ ಬಣ್ಣವಲ್ಲ; ಆಲ್ಡಿಹೈಡನ್ನು ಒಳಗೊಂಡು ಹುಟ್ಟಿದ ಹೊಸ ವರ್ಣ. ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರವನ್ನು ಪಾಲಿಸಬೇಕು: ಪ್ರನಾಳವನ್ನು ಕಾಯಿಸಬಾರದು, ಕ್ಷಾರವನ್ನು ಸೇರಿಸಬಾರದು. ಹಾಗೆ ಮಾಡಿದರೆ ಗಂಧಕದ ಡೈಆಕ್ಸೈಡ್ ಹೊರಟುಹೋಗಿ, ಆಲ್ಡಿಹೈಡ್ ಇಲ್ಲದಿದ್ದರೂ ಬಣ್ಣ ಮರಳಿ ಕಣ್ಣನ್ನು ವಂಚಿಸುತ್ತದೆ.

ಇಟಲಿಯಲ್ಲಿ ರಸಾಯನಶಾಸ್ತ್ರದ ಪತ್ರಿಕೆಯೊಂದನ್ನು ಕನ್ನಿಝಾರೊ ಮೊದಲಾದ ವಿದ್ವಾಂಸರು ಸ್ಥಾಪಿಸಿದಾಗ ಶಿಫ್ ಅವರಲ್ಲೊಬ್ಬರಾಗಿದ್ದರು. 1877ರಲ್ಲಿ ಟ್ಯೂರಿನ್ನಿಗೆ ಹೋದರೂ 1879ರಲ್ಲಿ ಫ್ಲಾರೆನ್ಸಿಗೆ ಹಿಂದಿರುಗಿ ದೀರ್ಘಕಾಲ ಬೋಧಿಸಿದರು. 1915ನೆಯ ಸೆಪ್ಟೆಂಬರ್ 8ರಂದು ಅಲ್ಲಿಯೇ ಕಣ್ಮುಚ್ಚಿದರು. ಆ ಹೊತ್ತಿಗೆ ಅವರು ಹುಟ್ಟಿದ ನಾಡೂ ಆಶ್ರಯವಿತ್ತ ನಾಡೂ ಮಹಾಯುದ್ಧದಲ್ಲಿ ಎದುರುಬದುರು ಪಕ್ಷಗಳನ್ನು ಸೇರಿದ್ದವು.

ಅವರ ದ್ರಾವಣವಾದರೋ ಗಡಿಗಳನ್ನು ದಾಟಿ ಬಾಳಿತು. 1924ರಲ್ಲಿ ಫಾಯಲ್ಗೆನ್ ಎಂಬ ವಿಜ್ಞಾನಿ ಅದರಿಂದಲೇ ಜೀವಕೋಶದೊಳಗಿನ ಡಿ.ಎನ್.ಎ.ಗೆ ಬಣ್ಣವೇರಿಸಿ ತೋರಿಸಿದರು. ನಮ್ಮ ಉಚ್ಚಿಲದ ಕಡಲತಡಿಗೆ ಮಣಿಪಾಲ ದೂರವಲ್ಲ. ಅಂತಹ ವೈದ್ಯಕೀಯ ಕೇಂದ್ರಗಳಲ್ಲಿ ರೋಗಿಯ ಅಂಗಾಂಶದ ತೆಳುಪದರವನ್ನು ಪೀರಿಯಾಡಿಕ್ ಆಮ್ಲದಿಂದ ಸಂಸ್ಕರಿಸಿ, ಶಿಫ್ ದ್ರಾವಣದಲ್ಲಿಟ್ಟು, ಮೂಡುವ ಬಣ್ಣದಿಂದ ರೋಗವನ್ನು ಅರಿಯುವ ಕ್ರಮ ಇಂದಿಗೂ ಉಂಟು. ನೆಲೆ ತಪ್ಪಿದವರೊಬ್ಬರ ವಿದ್ಯೆ ಹೀಗೆ ಎಲ್ಲ ನಾಡಿನವರಿಗೂ ನೆರವಾಗಿದೆ.