ನರ್ಸ್ ಹಾನ್ನಾ ಏರಿದ ಮೆಟ್ಟಿಲುಗಳು

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ನರ್ಸಿಂಗ್ ಓದುತ್ತಿರುವ ಮಗಳೊಬ್ಬಳು ಇದ್ದೇ ಇರುತ್ತಾಳೆ. ಅವಳ ವಿಷಯ ಬಂದಾಗ ಹಿರಿಯರು ಕೇಳುವ ಪ್ರಶ್ನೆ ಒಂದೇ: ಈ ಕೆಲಸದಲ್ಲಿ ಮೇಲೆ ಬರಲು ಅವಕಾಶ ಉಂಟೇ? ಉಂಟು. ಸ್ಟಾಫ್ ನರ್ಸ್ ಆದವಳು ವಾರ್ಡ್ ಸಿಸ್ಟರ್ ಆಗಬಹುದು, ಮುಂದೆ ಓದಿ ಬೋಧಕಿಯಾಗಬಹುದು, ನರ್ಸಿಂಗ್ ಸೂಪರಿಂಟೆಂಡೆಂಟ್ ಕುರ್ಚಿಯಲ್ಲಿ ಕೂರಬಹುದು. ಪ್ರಶ್ನೆ ತಪ್ಪಲ್ಲ. ಆದರೆ ಹಾಗೆ ಮೇಲೇರಿದವಳು ರೋಗಿಯ ಹಾಸಿಗೆಯಿಂದ ಎಷ್ಟು ದೂರ ಹೋದಳು ಎಂದು ನಾವು ಕೇಳುವುದು ಕಡಿಮೆ. ಪೋಲೆಂಡಿನ ಪುನೀತೆ ಹಾನ್ನಾ ಕ್ಷನೋವ್ಸ್ಕಾರವರ ಬಾಳನ್ನು ಈ ದೃಷ್ಟಿಯಿಂದ ನೋಡಿರಿ.

ಹಾನ್ನಾ ಹುಟ್ಟಿದ್ದು 1902ರ ಅಕ್ಟೋಬರ್ 7ರಂದು, ವಾರ್ಸಾ ನಗರದಲ್ಲಿ. ತಂದೆ ಇಗ್ನಾಸಿ ಸಾಹಿತ್ಯದ ಪ್ರಾಧ್ಯಾಪಕರು. ತಾಯಿಯ ತವರಿನವರು ಕಾರ್ಖಾನೆಗಳ ಒಡೆಯರು, ಪ್ರೊಟೆಸ್ಟೆಂಟ್ ಪಂಗಡದವರು. ಆ ಕಡೆಯ ಚಿಕ್ಕಮ್ಮ ಝೋಫಿಯಾ ತಮ್ಮ ಪಾಲಿನ ಸಂಪತ್ತಿನಿಂದ ವಾರ್ಸಾದಲ್ಲಿ ಮಕ್ಕಳ ಆಸ್ಪತ್ರೆಯನ್ನೇ ಕಟ್ಟಿಸಿದ್ದರು. ಕುಟುಂಬ ಕ್ರಾಕೋವ್ ನಗರಕ್ಕೆ ಬಂದ ಮೇಲೆ ಹಾನ್ನಾ ಉರ್ಸುಲೈನ್ ಭಗಿನಿಯರ ಶಾಲೆಯಲ್ಲಿ ಓದಿದರು. 1920ರ ಯುದ್ಧದಲ್ಲಿ ಗಾಯಗೊಂಡ ಸೈನಿಕರ ಶುಶ್ರೂಷೆಗೆ ನೆರವಾದರು. ಬಳಿಕ ತಂದೆಯ ದಾರಿಯಲ್ಲೇ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಲು ಹೊರಟವರು, ಅದನ್ನು ಅರ್ಧಕ್ಕೇ ಬಿಟ್ಟು 1922ರಲ್ಲಿ ವಾರ್ಸಾದ ಹೊಸ ನರ್ಸಿಂಗ್ ಶಾಲೆ ಸೇರಿದರು. ಪ್ರಾಧ್ಯಾಪಕರ ಮಗಳು ಪುಸ್ತಕ ಬಿಟ್ಟು ಬೆಡ್‌ಪ್ಯಾನ್ ಹಿಡಿದಳೆಂದರೆ ಇಂದಿಗೂ ಹುಬ್ಬೇರಿಸುವವರಿದ್ದಾರೆ, ಅಲ್ಲವೇ?

1924ರಲ್ಲಿ ಡಿಪ್ಲೊಮಾ ಕೈಸೇರಿತು. ವಿದ್ಯಾರ್ಥಿವೇತನ ಪಡೆದು ಫ್ರಾನ್ಸ್ ಮತ್ತು ಬೆಲ್ಜಿಯಂಗಳಿಗೆ ಹೋಗಿ ಬಂದರು. 1926ರಿಂದ ಮೂರು ವರ್ಷ ಕ್ರಾಕೋವಿನ ನರ್ಸಿಂಗ್ ಶಾಲೆಯಲ್ಲಿ ಬೋಧಕಿ. 1929ರಿಂದ ಯುದ್ಧದವರೆಗೆ, ಪೋಲಿಷ್ ನರ್ಸ್‌ಗಳ ಮಾಸಪತ್ರಿಕೆಯ ಸಂಪಾದಕಿ. ಅರ್ಧಕ್ಕೆ ಬಿಟ್ಟ ಸಾಹಿತ್ಯ ಇಲ್ಲಿ ಉಪಯೋಗಕ್ಕೆ ಬಂತು. ಆ ದಿನಗಳಲ್ಲಿ ತರಬೇತಿ ಪಡೆದವರೂ ಪಡೆಯದವರೂ ನರ್ಸ್ ಎಂದೇ ಕರೆಸಿಕೊಳ್ಳುತ್ತಿದ್ದರು. 1935ರಲ್ಲಿ ಪೋಲಿಷ್ ಸಂಸತ್ತು ನರ್ಸಿಂಗ್ ಕಾಯ್ದೆಯನ್ನು ಅಂಗೀಕರಿಸಿ, ಈ ವೃತ್ತಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಅದಕ್ಕಾಗಿ ದುಡಿದವರಲ್ಲಿ ಹಾನ್ನಾ ಒಬ್ಬರು. ಯೌವನದಲ್ಲಿ ಅವರ ವಿಶ್ವಾಸ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಅದು ಬೇರೂರಿದ್ದು ಈ ವರ್ಷಗಳಲ್ಲಿ. 1937ರಲ್ಲಿ ಕಥೋಲಿಕ ನರ್ಸ್‌ಗಳ ಸಂಘ ಹುಟ್ಟಿದಾಗ ಅದರ ಸ್ಥಾಪಕರ ನಡುವೆ ಅವರೂ ಇದ್ದರು.

ಯುದ್ಧ ಅವರ ಮನೆಯನ್ನು ಬರಿದು ಮಾಡಿತು. 1939ರ ನವೆಂಬರಿನಲ್ಲಿ ನಾಜಿಗಳು ಕ್ರಾಕೋವಿನ ಪ್ರಾಧ್ಯಾಪಕರನ್ನು ಒಟ್ಟಿಗೇ ಬಂಧಿಸಿದರು. ತಂದೆ ಮರುವರ್ಷದ ಜನವರಿಯಲ್ಲಿ ಸಾಕ್ಸೆನ್‌ಹೌಸೆನ್ ಶಿಬಿರದಲ್ಲಿ ತೀರಿಹೋದರು. ಸಹೋದರ ಬೊಹ್ದಾನ್ 1940ರ ಕತೀನ್ ಹತ್ಯಾಕಾಂಡಕ್ಕೆ ಬಲಿಯಾದರು. ಹಾನ್ನಾ ಕ್ರಾಕೋವಿನಲ್ಲಿ ನಿರಾಶ್ರಿತರ ಸೇವೆಗೆ ನಿಂತರು. ಅನಾಥ ಮಕ್ಕಳಿಗೆ, ಅವರ ನಡುವೆ ಯೆಹೂದಿ ಮಕ್ಕಳಿಗೂ, ಆಶ್ರಯ ಹುಡುಕಿದರು.

ಯುದ್ಧ ಮುಗಿದ ಮೇಲೆ ಕ್ರಾಕೋವಿನ ನರ್ಸಿಂಗ್ ಶಾಲೆಯಲ್ಲಿ ಮನೆಮನೆಯ ಶುಶ್ರೂಷೆಯ ವಿಭಾಗಕ್ಕೆ ಅವರನ್ನು ಮುಖ್ಯಸ್ಥೆಯಾಗಿ ನೇಮಿಸಿದರು. ಅಮೆರಿಕಕ್ಕೆ ಹೋಗಿ ಅಲ್ಲಿನ ಕ್ರಮವನ್ನು ಕಲಿತು ಬಂದರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆಸ್ಪತ್ರೆಯಲ್ಲಿ ನರ್ಸ್‌ಗೆ ಡಾಕ್ಟರ್ ಇದ್ದಾರೆ, ಬಿಸಿನೀರಿದೆ, ಸಹೋದ್ಯೋಗಿಗಳಿದ್ದಾರೆ. ರೋಗಿಯ ಮನೆಯಲ್ಲಿ ಅವಳೊಬ್ಬಳೇ. ಬೆನ್ನುಹುಣ್ಣನ್ನು ತೊಳೆಯಬೇಕು, ಹಾಸಿಗೆಯ ಬಟ್ಟೆ ಬದಲಿಸಬೇಕು, ಮನೆಯವರಿಗೆ ರೋಗಿಯನ್ನು ಮಗ್ಗುಲು ಹೊರಳಿಸುವುದನ್ನು ಕಲಿಸಬೇಕು. ಹಾನ್ನಾ ಈ ವಿದ್ಯೆಯನ್ನು ಪಾಠವಾಗಿಸಿ, ಅದಕ್ಕೊಂದು ಪಠ್ಯಪುಸ್ತಕವನ್ನೂ ಬರೆದರು. ಅದು 1960ರಲ್ಲಿ ಪ್ರಕಟವಾಯಿತು.

ಅಷ್ಟರಲ್ಲಿ ಅವರ ಹುದ್ದೆಯೇ ಕೈತಪ್ಪಿತ್ತು. ಕಮ್ಯುನಿಸ್ಟ್ ಆಡಳಿತದ ಕಾಲವದು. 1957ರಲ್ಲಿ ಕೊಬಿಯೆಝಿನ್ ಎಂಬಲ್ಲಿಯ ಮನೋರೋಗ ಶುಶ್ರೂಷಾ ಶಾಲೆಗೆ ನಿರ್ದೇಶಕಿಯಾದರು. ಸ್ವಲ್ಪ ಕಾಲದಲ್ಲೇ ಶಾಲೆಯನ್ನು ಮುಚ್ಚಲಾಯಿತು, 1958ರಲ್ಲಿ ಅವರು ನಿವೃತ್ತರಾದರು. ವಯಸ್ಸು ಇನ್ನೂ ಅರುವತ್ತು ದಾಟಿರಲಿಲ್ಲ. ಲೋಕದ ಲೆಕ್ಕದಲ್ಲಿ ಏಣಿ ಅಲ್ಲಿಗೆ ಮುಗಿಯಿತು.

ನಗರದ ಹಳೆಯ ಕಟ್ಟಡಗಳ ಮೇಲ್ಮಹಡಿಗಳಲ್ಲಿ, ಹಾಸಿಗೆ ಹಿಡಿದು ವರ್ಷಗಟ್ಟಲೆ ಹೊರಗಿನ ಬಿಸಿಲು ಕಾಣದ ಜನರಿರುವುದನ್ನು ಅವರು ಕಂಡಿದ್ದರು. ಸರಕಾರದ ವ್ಯವಸ್ಥೆ ಅವರನ್ನು ಮುಟ್ಟುತ್ತಿರಲಿಲ್ಲ. ಧರ್ಮಸಭೆಯ ಕಾರಿತಾಸ್ ಸಂಸ್ಥೆಯನ್ನು 1950ರಲ್ಲೇ ಸರಕಾರ ವಶಪಡಿಸಿಕೊಂಡಿತ್ತು. ಆದರೆ ಧರ್ಮಕೇಂದ್ರಗಳಿದ್ದವು. ಪ್ರತಿ ಬೀದಿಯ ರೋಗಿ ಯಾರೆಂಬುದು ಅಲ್ಲಿನ ಗುರುಗಳಿಗೆ ತಿಳಿದೇ ಇರುತ್ತದೆ. ಹಾನ್ನಾ ಈ ಯೋಚನೆಯನ್ನು ಹಿಡಿದು ಯುವ ಗುರು ಕರೊಲ್ ವೊಯ್ತಿವಾರಲ್ಲಿಗೆ ಹೋದರು. ಮುಂದೆ ಪೋಪ್ ಎರಡನೇ ಜಾನ್ ಪೌಲ್ ಆದವರು ಇವರೇ. ಅವರು ಹಾನ್ನಾರನ್ನು ಸಂತ ಮರಿಯಮ್ಮನವರ ಮಹಾದೇವಾಲಯದ ಗುರುಗಳಾದ ಫೆರ್ದಿನಾಂದ್ ಮಾಹಾಯ್ ಅವರ ಬಳಿಗೆ ಕಳುಹಿಸಿದರು. ಧರ್ಮಕೇಂದ್ರದ ಶುಶ್ರೂಷೆ ಹುಟ್ಟಿದ್ದು ಅಲ್ಲಿ. ನಿರ್ದೇಶಕಿಯಾಗಿದ್ದವರು ಮತ್ತೆ ಮನೆಮನೆಯ ಮೆಟ್ಟಿಲು ಹತ್ತಿದರು.

ಭಗಿನಿಯರು, ನರ್ಸ್‌ಗಳು, ವಿದ್ಯಾರ್ಥಿಗಳು, ಗುರುಮಠದ ಹುಡುಗರು ಜೊತೆಗೂಡಿದರು. ಕೆಲಸ ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ಹಬ್ಬಿತು. ರೋಗಿಯ ಕೋಣೆಯಲ್ಲೇ ಬಲಿಪೂಜೆ ನಡೆಯುವಂತಾಯಿತು. 1964ರಿಂದ ತ್ರೆಬಿನಿಯಾ ಎಂಬಲ್ಲಿ ರೋಗಿಗಳಿಗಾಗಿಯೇ ಧ್ಯಾನಕೂಟಗಳು ಆರಂಭವಾದವು. ನಡೆಯಲಾಗದವರನ್ನು ಯುವಕರು ಎತ್ತಿಕೊಂಡು ಹೋಗುತ್ತಿದ್ದರಂತೆ. ಅನುಕಂಪದ ಜೊತೆಗೆ ವಿದ್ಯೆಯೂ ಬೇಕೆಂಬುದನ್ನು ಹಾನ್ನಾ ಮರೆಯಲಿಲ್ಲ. ಬಂದವರಿಗೆಲ್ಲ ಮೊದಲು ಕೆಲಸ ಕಲಿಸುತ್ತಿದ್ದರು. ನರ್ಸ್‌ಗಳಿಗಾಗಿ ಅವರೊಂದು ಆತ್ಮಶೋಧನೆಯನ್ನೂ ಬರೆದಿದ್ದಾರೆ. ಪದವಿಗಳ ನಡುವೆ ಮೂವತ್ತು ವರ್ಷ ಓಡಾಡಿದವರ ಕೈಯಿಂದ ಅದು ಬಂದದ್ದು ನನಗಂತೂ ಆಶ್ಚರ್ಯವಲ್ಲ.

1965ರಲ್ಲಿ ಪೋಪ್ ಅವರಿಂದ ಪದಕ ಬಂತು. ಮರುವರ್ಷ ಕ್ಯಾನ್ಸರ್ ಪತ್ತೆಯಾಯಿತು. ಕಾಯಿಲೆಯ ನಡುವೆಯೂ ಇತರ ರೋಗಿಗಳ ಕೆಲಸ ನಿಲ್ಲಲಿಲ್ಲ. 1973ರ ಏಪ್ರಿಲ್ 29ರಂದು ತೀರಿಹೋದಾಗ ಅಂತ್ಯಕ್ರಿಯೆಯನ್ನು ನೆರವೇರಿಸಿದವರು ಕಾರ್ಡಿನಲ್ ವೊಯ್ತಿವಾ. ಹಾನ್ನಾರಿಗೆ ಸಂತ ಪದವಿಯ ವಿಚಾರಣೆ ಆರಂಭಿಸಬೇಕೆಂದು ಬೇಡಿಕೆಯಿಟ್ಟವರು ಕಥೋಲಿಕ ನರ್ಸ್‌ಗಳು. 1998ರಲ್ಲಿ ಅದು ಆರಂಭವಾಗಿ, 2018ರ ಏಪ್ರಿಲ್ 28ರಂದು, ಕ್ರಾಕೋವಿನ ದೈವಕರುಣೆಯ ಪುಣ್ಯಕ್ಷೇತ್ರದಲ್ಲಿ ಅವರನ್ನು ಪುನೀತೆಯೆಂದು ಘೋಷಿಸಲಾಯಿತು.