ತೊಟ್ಟಿಲೂ ತಂಬೂರಿಯೂ

ಮೊಳಕಾಲ್ಮೂರಿನ ಮಗ್ಗದ ಮನೆಗಳನ್ನು ಕಂಡವರಿಗೆ ಒಂದು ನೋಟವು ಚಿರಪರಿಚಿತವಾದುದು. ತಾಯಿಯು ರಾಟೆಯ ಮುಂದೆ ಕುಳಿತು ರೇಷ್ಮೆಯ ಕಂಡಿಕೆ ಸುತ್ತುತ್ತಿರುವಳು; ಆಗಾಗ್ಗೆ ಪಕ್ಕದ ತೊಟ್ಟಿಲಿನ ಹಗ್ಗವನ್ನೆಳೆದು ಕೂಸನ್ನು ತೂಗುತ್ತಿರುವಳು. ಇದನ್ನು ಕಂಡು ಆಶ್ಚರ್ಯಪಡುವವರಾರೂ ಇಲ್ಲ. ಆದರೆ ಅದೇ ತಾಯಿಯು ರಾಟೆಯ ಬದಲು ತಂಬೂರಿಯನ್ನು ಹಿಡಿದಳೆಂದರೆ, ಚಳ್ಳಕೆರೆಯ ಪೇಟೆಯಲ್ಲಾಗಲಿ, ಕಚೇರಿಯ ಅಧಿಕಾರಿಗಳ ಮನೆಗಳಲ್ಲಾಗಲಿ, ಮಗುವನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆಯು ಒಡನೆಯೇ ಏಳುವುದು. ಹೀಗೆ ಕೇಳುವ ಮಹನೀಯರು ಹುಬ್ಬಳ್ಳಿಯ ಶ್ರೀಮತಿ ಗಂಗೂಬಾಯಿ ಹಾನಗಲ್ ಅವರ ಜೀವನವನ್ನು ಒಮ್ಮೆ ಅವಲೋಕಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.

ಗಂಗೂಬಾಯಿಯವರು 1913ನೆಯ ಇಸವಿ ಮಾರ್ಚಿ 5ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಚಿಕ್ಕೂರಾವ್ ನಾಡಗೀರರು, ತಾಯಿ ಅಂಬಾಬಾಯಿಯವರು. ತಾಯಿಯು ಕರ್ನಾಟಕ ಸಂಗೀತದಲ್ಲಿ ಪರಿಣತೆ. ಹಿಂದೂಸ್ಥಾನಿ ಗಾಯನದಲ್ಲಿ ದೇಶವಿಖ್ಯಾತರಾದ ಅಬ್ದುಲ್ ಕರೀಂ ಖಾನರಂಥವರೂ ಆ ಮನೆಗೆ ಬಂದು ಆಕೆಯ ಗಾನವನ್ನು ಆಲಿಸಿ ಮೆಚ್ಚಿದ್ದುಂಟು. ಬಾಲಕಿಯ ಕಿವಿಯಾದರೋ ಹೊರಗಿನ ಗ್ರಾಮಫೋನಿನ ಕಡೆಗೆ ಓಡುತ್ತಿದ್ದಿತು. ಜೊಹರಾಬಾಯಿಯವರ ತಟ್ಟೆಯ ಸ್ವರ ಬೀದಿಯಲ್ಲಿ ಕೇಳಿಬಂದೊಡನೆಯೇ ಆಕೆ ಆಟವನ್ನು ಬಿಟ್ಟು ನಿಂತು ಕೇಳುವಳು. ಅದೇ ಬೀದಿಗಳಲ್ಲಿಯೇ, ಹಾಡುವವರ ಮನೆಯ ಹುಡುಗಿಯೆಂಬ ಹೀಯಾಳಿಕೆಯ ಮಾತುಗಳೂ ಆ ಎಳೆಯ ಕಿವಿಗೆ ಬಿದ್ದವು.

1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು ನೆರೆಯಿತು. ಅಲ್ಲಿ ಸ್ವಾಗತಗೀತೆಯನ್ನು ಹಾಡಿದ ಬಾಲಿಕೆಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಒಬ್ಬಳು. ಅಂಥ ಸಮಾರಂಭದಲ್ಲಿಯೂ, ಊಟದ ಹೊತ್ತಿಗೆ ತನ್ನ ಕುಲವನ್ನೆಣಿಸಿ ಎಲ್ಲಿ ಎಂಜಲೆಲೆ ತೆಗೆಯಲು ಹೇಳುವರೋ ಎಂಬ ಅಳುಕು ಆ ಮಗುವಿನ ಮನಸ್ಸನ್ನು ಕೊರೆಯುತ್ತಿದ್ದಿತು. ರಾಷ್ಟ್ರದ ಸ್ವಾತಂತ್ರ್ಯವನ್ನು ಬಯಸಿ ನೆರೆದಿದ್ದ ನಮ್ಮ ಸಮಾಜಕ್ಕೆ ಅದಕ್ಕಿಂತ ದೊಡ್ಡ ನಾಚಿಕೆಯು ಬೇರೊಂದಿಲ್ಲ.

ಮಗಳ ಒಲವು ಹಿಂದೂಸ್ಥಾನಿ ಪದ್ಧತಿಯ ಕಡೆಗೆ ಹರಿಯುತ್ತಿರುವುದನ್ನು ಅಂಬಾಬಾಯಿಯವರು ಅರಿತರು. 1928ರಲ್ಲಿ ಸಂಸಾರವು ಧಾರವಾಡವನ್ನು ಬಿಟ್ಟು ಹುಬ್ಬಳ್ಳಿಗೆ ಬಂದಿತು. ಅಲ್ಲಿ ಕೃಷ್ಣಾಚಾರ್ಯ ಹುಲಗೂರ ಅವರಲ್ಲಿ ಪಾಠವು ಮೊದಲಾಯಿತು. ಆಗ ಆ ತಾಯಿಯು ಮಾಡಿದ ತ್ಯಾಗವು ಅಸಾಮಾನ್ಯವಾದುದು. ತನ್ನ ಕರ್ನಾಟಕ ಗಾಯನದ ನೆರಳು ಮಗಳ ಅಭ್ಯಾಸದ ಮೇಲೆ ಬೀಳಬಾರದೆಂದು ಆಕೆ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು. ಖಾನರಂಥವರು ತಲೆದೂಗಿದ ಕಂಠವು ಮಗಳಿಗೋಸ್ಕರ ಮೌನವನ್ನು ತಾಳಿತು. ಲೋಕವು ಮಗಳಿಗಿತ್ತ ಪ್ರಶಸ್ತಿಗಳಲ್ಲಿ ಈ ಮೌನಕ್ಕೆ ಸಲ್ಲಬೇಕಾದ ಪಾಲು ಎಷ್ಟೆಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ.

ಹದಿನಾರನೆಯ ವಯಸ್ಸಿನಲ್ಲಿ ಗಂಗೂಬಾಯಿಯವರು ವಕೀಲರಾದ ಗುರುರಾವ್ ಕೌಲಗಿಯವರ ಕೈಹಿಡಿದರು. ಕೃಷ್ಣಾ ಎಂಬ ಮಗಳೂ, ನಾರಾಯಣ, ಬಾಬು ಎಂಬಿಬ್ಬರು ಗಂಡುಮಕ್ಕಳೂ ಹುಟ್ಟಿದರು. 1932ರಲ್ಲಿ ಅಂಬಾಬಾಯಿಯವರು ಕಾಲವಾದರು. ಹತ್ತೊಂಬತ್ತರ ಹರೆಯದಲ್ಲಿಯೇ ಗಂಗೂಬಾಯಿಯವರಿಗೆ ಬೆನ್ನ ಹಿಂದಿನ ಆಸರೆಯು ತಪ್ಪಿಹೋಯಿತು. ಪತಿಯು ಕೈಹಾಕಿದ ವ್ಯವಹಾರಗಳು ಕೈಗೂಡಲಿಲ್ಲ. ಹೀಗಾಗಿ ಹಾಡಿನಿಂದ ಬಂದ ಸಂಪಾದನೆಯೇ ಮನೆಗೆ ಆಧಾರವಾಯಿತು. ಕಲೆಯನ್ನು ಬಿಡುವುದೆಂದರೆ ಮಕ್ಕಳ ಅನ್ನವನ್ನು ಬಿಟ್ಟಂತೆ. ಮಕ್ಕಳನ್ನು ಮರೆಯುವುದೆಂದರೆ ತಾಯ್ತನವನ್ನೇ ತೊರೆದಂತೆ. ಎರಡನ್ನೂ ಬಿಡದೆ ನಡೆಯಬೇಕಾದ ದಾರಿಯಲ್ಲಿ ಸೋದರಮಾವ ರಾಮಣ್ಣನವರು ಅವರ ಬೆಂಬಲಕ್ಕೆ ನಿಂತರು.

ಈ ಕಾಲದಲ್ಲಿಯೇ ಗ್ರಾಮಫೋನು ಕಂಪನಿಯ ಕರೆಯು ಬಂದಿತು. ಬಾಲ್ಯದಲ್ಲಿ ಬೀದಿಯಲ್ಲಿ ನಿಂತು ತಟ್ಟೆಯ ಹಾಡನ್ನು ಕೇಳಿದವಳ ಕಂಠವೇ ಈಗ ಗಾಂಧಾರಿ ಎಂಬ ಹೆಸರಿನಿಂದ ಊರೂರಿನ ತಟ್ಟೆಗಳ ಮೇಲೆ ಸುತ್ತತೊಡಗಿತು. ಆ ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುವಂಥದು. ಒಂದು ಮಗ್ಗುಲಿಗೆ ಸುಮಾರು 3 ನಿಮಿಷದ ಗಾನವು ಮಾತ್ರ ಹಿಡಿಯುತ್ತಿದ್ದಿತು. ಯಂತ್ರ, ಅಚ್ಚು, ಮಾರಾಟ ಇವೆಲ್ಲದರ ವೆಚ್ಚವನ್ನು ಹೊರುವವರು ಕಂಪನಿಯವರು. ಗಾಯಕಿಯು ಕಂಠವನ್ನು ಮಾತ್ರ ಒದಗಿಸತಕ್ಕದ್ದು. ಗಂಟೆಗಟ್ಟಲೆ ಬೆಳೆಯಬೇಕಾದ ರಾಗವನ್ನು ಇಷ್ಟು ಕಿರಿದಾದ ಅವಕಾಶದಲ್ಲಿ ಅಡಗಿಸುವುದು ಸುಲಭವಲ್ಲ. ಆದರೂ ಈ ತಟ್ಟೆಗಳ ದೆಸೆಯಿಂದಲೇ, ಆಕೆಯನ್ನು ಕಣ್ಣಾರೆ ಕಾಣದ ಊರುಗಳೂ ಆಕೆಯ ಹೆಸರನ್ನು ಕೇಳಿದವು.

ಹೆಸರು ಬಂದ ಮೇಲೆ ಕಲಿಯುವುದನ್ನು ನಿಲ್ಲಿಸುವವರೇ ಬಹಳ ಮಂದಿ. ಗಂಗೂಬಾಯಿಯವರು ಹಾಗೆ ಮಾಡಲಿಲ್ಲ. ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆಸಿದ ಮೇಲೆ, ಮನೆಗೆಲಸ ಮುಗಿಸಿ ಹುಬ್ಬಳ್ಳಿಯಿಂದ ರೈಲುಗಾಡಿಯಲ್ಲಿ ಅಲ್ಲಿಗೆ ಹೋಗುವುದು, ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲಿಯೇ ಮಕ್ಕಳ ಬಳಿಗೆ ಹಿಂದಿರುಗುವುದು, ಇದೇ ಆಕೆಯ ದಿನಚರಿಯಾಯಿತು. ಸುಮಾರು ಮೂರು ವರ್ಷಗಳ ಪರಿಯಂತ ಈ ವ್ರತವು ನಡೆಯಿತು. ಆಗ ಗುರುಗೃಹದಲ್ಲಿದ್ದ ಭೀಮಸೇನ ಜೋಶಿಯವರು ನಿಲ್ದಾಣದವರೆಗೆ ಬಂದು ಆಕೆಯನ್ನು ಕಳುಹಿಸಿಕೊಡುತ್ತಿದ್ದರು. ಗುರುಗಳು ಕೆಲವೇ ಸ್ವರಗುಚ್ಛಗಳನ್ನು ಕೊಟ್ಟು, ಅವು ಹದಕ್ಕೆ ಬರುವವರೆಗೆ ಮುಂದಿನದನ್ನು ಹೇಳಿಕೊಡುತ್ತಿರಲಿಲ್ಲ. ಅವರು ಅಸ್ವಸ್ಥರಾಗುವವರೆಗೂ ಈ ಶಿಕ್ಷಣವು ಸಾಗಿತು.

ಇಷ್ಟರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಆಕೆಯ ಧ್ವನಿಯೇ ಬದಲಾಗಿ, ಗಂಡುಕಂಠದಂತೆ ಗಡುಸಾಯಿತು. ಇನ್ನೊಬ್ಬರಾಗಿದ್ದರೆ ಎದೆಗುಂದುತ್ತಿದ್ದರು. ಗಂಗೂಬಾಯಿಯವರು ಆ ಗಡಸುತನವನ್ನೇ ತಮ್ಮ ಗಾಂಭೀರ್ಯವನ್ನಾಗಿ ಮಾಡಿಕೊಂಡರು. 1945ರ ಸುಮಾರಿನಿಂದ ಠುಮರಿ ಮೊದಲಾದ ಲಘು ಗಾಯನವನ್ನು ಬಿಟ್ಟು, ರಾಗಗಳನ್ನಷ್ಟೇ ಹಾಡತೊಡಗಿದರು. ಲಘು ಗೀತೆಗಳಿಗೆ ಗಿರಾಕಿಗಳು ಹೆಚ್ಚೆಂಬುದನ್ನು ಅರಿಯದವರಲ್ಲ. ಮೂವರು ಮಕ್ಕಳ ಸಂಸಾರವನ್ನು ಹೊತ್ತವರು. ಆದಕಾರಣ ಈ ನಿರ್ಧಾರದ ಬೆಲೆಯನ್ನು ಅವರ ಮನೆಯ ಖರ್ಚಿನ ಲೆಕ್ಕದಲ್ಲಿಯೇ ಅಳೆಯತಕ್ಕದ್ದು.

ಮಗಳು ಕೃಷ್ಣಾ ಬೆಳೆದು ತಾಯಿಯ ಬೆನ್ನ ಹಿಂದೆ ಕುಳಿತು ಸಹಗಾಯನ ಮಾಡತೊಡಗಿದರು. ಅಂಬಾಬಾಯಿಯವರು ಮಗಳಿಗಾಗಿ ಹಾಡನ್ನು ನಿಲ್ಲಿಸಿದ್ದರು. ಕೃಷ್ಣಾ ತಾಯಿಗಾಗಿ ತಮ್ಮ ಹಾಡನ್ನು ಒಂದು ಹೆಜ್ಜೆ ಹಿಂದಕ್ಕಿಟ್ಟುಕೊಂಡರು. ತಾಯಿಯ ಉಸಿರು ಸಾಲದೆಡೆಯಲ್ಲಿ ಮಗಳ ಸ್ವರವು ಆಸರೆಯಾಗುತ್ತಿದ್ದುದನ್ನು ಕೇಳಿದವರು ಬಲ್ಲರು. ಆ ಮಗಳು 2004ರಲ್ಲಿ ಅರ್ಬುದರೋಗದಿಂದ ತೀರಿಕೊಂಡರು. ತೊಂಬತ್ತು ದಾಟಿದ ತಾಯಿಗೆ ಬಂದೊದಗಿದ ಈ ದುಃಖವನ್ನು ಬಣ್ಣಿಸಲು ನಾವು ಶಕ್ತರಲ್ಲ. ಆದರೂ 2006ರಲ್ಲಿ ಅವರು ಮತ್ತೊಮ್ಮೆ ವೇದಿಕೆಯನ್ನೇರಿ ಹಾಡಿದರು. ಅದೇ ಕಡೆಯ ಕಚೇರಿ.

1971ರಲ್ಲಿ ಪದ್ಮಭೂಷಣವೂ, 2002ರಲ್ಲಿ ಪದ್ಮವಿಭೂಷಣವೂ ಅವರಿಗೆ ಸಂದವು. 2009ನೆಯ ಇಸವಿ ಜುಲೈ 21ರಂದು ಹುಬ್ಬಳ್ಳಿಯಲ್ಲಿ ದೇಹವನ್ನು ಬಿಟ್ಟಾಗ ಅವರ ಕಣ್ಣುಗಳು ದಾನವಾಗಿ ಸಂದವು. ಶಾಲೆಯಲ್ಲಿ ಐದನೆಯ ತರಗತಿಯನ್ನು ದಾಟದ ಆ ಮಹಿಳೆಯ ಹೆಸರನ್ನು ಮೈಸೂರಿನ ಸಂಗೀತ ವಿಶ್ವವಿದ್ಯಾನಿಲಯವು ಹೊತ್ತುಕೊಂಡಿದೆ.

ನಮ್ಮ ಸೀಮೆಯ ಮನೆಗಳಲ್ಲಿಯೂ ಸಂಗೀತ ಕಲಿತ ಹೆಣ್ಣುಮಕ್ಕಳಿದ್ದಾರೆ. ಮದುವೆಯಾಗಿ ಮೊದಲ ಮಗುವಾಗುವಷ್ಟರಲ್ಲಿ ಅವರ ತಂಬೂರಿಗಳು ಅಟ್ಟವನ್ನು ಸೇರುತ್ತವೆ. ಅಂದು ಧ್ವನಿಮುದ್ರಣದ ಖರ್ಚನ್ನು ಕಂಪನಿಯವರು ಹೊರುತ್ತಿದ್ದರು. ಇಂದು ಬಹುಮಟ್ಟಿಗೆ ಗಾಯಕಿಯೇ ಮುದ್ರಣಶಾಲೆಯ ಬಾಡಿಗೆಯನ್ನೂ, ಪಕ್ಕವಾದ್ಯದವರ ಸಂಭಾವನೆಯನ್ನೂ ಒದಗಿಸಬೇಕಾಗಿದೆ. ಮಕ್ಕಳ ಶಾಲೆಯ ಶುಲ್ಕವನ್ನು ಕಟ್ಟಿದ ಮೇಲೆ ಆ ಹಣವು ಎಲ್ಲಿಂದ ಬರಬೇಕು? ಹಿಂದೆ ನಮ್ಮ ಗ್ರಂಥಕರ್ತರು ಮುಂಗಡ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕಗಳನ್ನು ಅಚ್ಚು ಹಾಕಿಸುತ್ತಿದ್ದರು. ಊರಿನ ನೂರು ಮನೆಗಳವರು ಮನಸ್ಸು ಮಾಡಿದರೆ ಒಬ್ಬ ಗಾಯಕಿಯ ಧ್ವನಿಮುದ್ರಿಕೆಗೆ ಹಾಗೆಯೇ ಮುಂಗಡ ಚಂದಾ ಕೊಡಲಾರರೇ? ಉತ್ಸವಗಳಿಗೆ ಕರೆದಾಗ ಸಂಭಾವನೆಯ ಬದಲು ಹಣ್ಣುಕಾಯಿ ಕೊಟ್ಟು ಕಳುಹಿಸುವ ಪದ್ಧತಿಯನ್ನಾದರೂ ಬಿಡಲಾರರೇ?

ಗಂಗೂಬಾಯಿಯವರಿಗೆ ಮೌನವನ್ನಿತ್ತ ತಾಯಿಯಿದ್ದರು, ಬೆಂಬಲಕ್ಕೆ ನಿಂತ ಸೋದರಮಾವನಿದ್ದರು, ಸ್ವರಕ್ಕೆ ಸ್ವರವನ್ನಿತ್ತ ಮಗಳಿದ್ದರು. ಅಂಥ ಮನೆಯು ಎಲ್ಲರಿಗೂ ದೊರೆಯುವುದಿಲ್ಲ. ದೊರೆಯದವರಿಗೆ ಊರೇ ಆ ಮನೆಯಾಗಬೇಕು. ಪ್ರಶಸ್ತಿಯ ಶಾಲನ್ನು ಎಪ್ಪತ್ತನೆಯ ವಯಸ್ಸಿನಲ್ಲಿ ಹೊದಿಸುವುದಕ್ಕಿಂತ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಆಕೆಯ ತೊಟ್ಟಿಲನ್ನು ಒಂದು ಗಳಿಗೆ ತೂಗುವುದು ಹೆಚ್ಚಿನ ಸೇವೆಯೆಂಬುದನ್ನು ನಮ್ಮ ವಾಚಕರು ಮನಗಾಣಲಿ.